ಪಂಡಿತರ ಪಾರಣೆ

ಹಾಲಗೆರೆಯ ಅರಮನೆ ವೈದ್ಯ ಅಳಸಿಂಗ ಪಂಡಿತರಿಗೆ ತಮ್ಮ ಮೈಯ ಬಗ್ಗೆ ಬಹಳ ಗೌರವ. ಆವತ್ತು ತುಂಬಿದ ಸಭೆಯಲ್ಲಿ ಅದನ್ನೇ ಹೇಳಿದರು: "ಹಲ್ಲು ಬಂದಾಗಿನಿಂದ ನಾನು ಸೀನಿದವನಲ್ಲ. ನನಗೇಕೆ ಚುಚ್ಚುಮದ್ದು?"

ಮಂಜು ಬೀಳುವ ಕಾಲಕ್ಕೆ ಆ ಸೀಮೆಯಲ್ಲಿ ಕೆಮ್ಮುಜ್ವರ ಏಳುವುದು ವಾಡಿಕೆ. ಹಿಂದಿನ ವರ್ಷ ಅದು ವೈದ್ಯಶಾಲೆಯೊಳಗೇ ಹೊಕ್ಕು, ಕಾಲು ಮುರಿದುಕೊಂಡು ಬಂದಿದ್ದ ಕುಂಬಾರನೊಬ್ಬನನ್ನು ಹೆಣವಾಗಿ ಕಳಿಸಿತ್ತು. ಈ ಸಲ ಕರಾವಳಿಯ ಮದ್ದುಗಾರನೊಬ್ಬ ಜ್ವರ ತಡೆಯುವ ಚುಚ್ಚುಮದ್ದು ತಂದಿದ್ದ. ಊರವರು ತೋಳು ಒಡ್ಡಿದರು. ದಿನವೂ ರೋಗಿಗಳ ಮೈ ಮುಟ್ಟುವ ಪಂಡಿತರು ಮಾತ್ರ ಒಡ್ಡಲಿಲ್ಲ. ಅವರನ್ನು ನೋಡಿ ಅವರ ಕೈಕೆಳಗಿನವರೂ ತೋಳು ಮುಚ್ಚಿಕೊಂಡರು.

ದೊರೆ ಕೆಂಚನಾಯಕನಿಗೆ ಚಿಂತೆ ಹತ್ತಿತು. ಅವನನ್ನು ಎತ್ತಿ ಆಡಿಸಿದ ದಾದಿ ಹೊನ್ನಜ್ಜಿ ಸೊಂಟ ಮುರಿದು ಅದೇ ವೈದ್ಯಶಾಲೆಯಲ್ಲಿ ಮಲಗಿದ್ದಳು. ಹಣ್ಣಾದ ಮೈ, ಅವಳಿಗೆ ಮದ್ದು ಹಾಕಿದರೂ ಸರಿಯಾಗಿ ಹಿಡಿಯದು ಎಂದಿದ್ದ ಮದ್ದುಗಾರ. ಜ್ವರ ಹತ್ತಿರ ಬರದಿದ್ದರೆ ಅಜ್ಜಿ ಉಳಿದಾಳು, ಅಷ್ಟೆ.

ದೊರೆ ಮೆಲ್ಲಗೆ ಕೇಳಿಕೊಂಡ. ಪಂಡಿತರು ಜಗ್ಗಲಿಲ್ಲ.

"ಮೈ ನನ್ನದು, ಪ್ರಭು. ಚುಚ್ಚಿಸಿಕೊಂಡವರಿಗೂ ಒಮ್ಮೊಮ್ಮೆ ಜ್ವರ ಬರುತ್ತದಂತೆ. ಮತ್ತೆ ಅದರಿಂದ ಏನು ಬಂತು? ಆಜ್ಞೆಯೇ ಅನ್ನುವುದಾದರೆ ಹೇಳಿಬಿಡಿ, ಇವತ್ತೇ ಗಾಡಿ ಕಟ್ಟಿಸುತ್ತೇನೆ."

ಮೂಳೆ ಕೂಡಿಸುವುದರಲ್ಲಿ ಸುತ್ತಲ ಸೀಮೆಗೆಲ್ಲ ಅವರಂಥವರಿಲ್ಲ. ದೊರೆ ನಿಟ್ಟುಸಿರಿಟ್ಟು ಬೊಮ್ಮರಸನನ್ನು ಹುಡುಕಿದ. ಆಸ್ಥಾನದ ಚತುರ ಬೊಮ್ಮರಸ ಆವತ್ತು ಕಂಬದ ಮರೆಯಲ್ಲಿದ್ದ. ಕಾರಣ, ಸಭೆಯಲ್ಲಿ ಮದ್ದುಗಾರನೂ ಇದ್ದ. ಕಾಲಿನ ಮುಳ್ಳು ತೆಗೆಸಿಕೊಳ್ಳುವಾಗಲೂ ಮೂರ್ಛೆ ಹೋಗುವ ಆಸಾಮಿ ಈ ಬೊಮ್ಮರಸ.

"ನಾನು ಆಜ್ಞೆ ಮಾಡಬಾರದು, ಅವರು ಊರು ಬಿಡಬಾರದು, ಮದ್ದು ಮಾತ್ರ ಮೈಯೊಳಗೆ ಹೋಗಬೇಕು," ಎಂದ ದೊರೆ. "ದ್ವಾದಶಿಯೊಳಗೆ ಆಗದಿದ್ದರೆ ಹೊನ್ನಜ್ಜಿಯ ಆರೈಕೆಗೆ ನೀನೇ ನಿಲ್ಲು. ಚುಚ್ಚಿಸಿಕೊಂಡು."

ಬೊಮ್ಮರಸನ ತೋಳು ಅಲ್ಲೇ ಜುಮ್ಮೆಂದಿತು.

ಅವನು ನೇರ ಅಡುಗೆಮನೆಗೆ ಹೋದ. ಪಂಡಿತರದು ಉಗ್ರ ಮಡಿ. ಅವರಿಗೆಂದೇ ಅರಮನೆಯಲ್ಲಿ ಬೇರೆ ಒಲೆಯಿತ್ತು, ಅವರ ಕಡೆಯವಳೇ ಆದ ಶಿಂಗಮ್ಮ ಅದನ್ನು ನೋಡಿಕೊಳ್ಳುತ್ತಿದ್ದಳು. ಬೊಮ್ಮರಸ ಹೇಳಿದ್ದನ್ನೆಲ್ಲ ಕೇಳಿ ಶಿಂಗಮ್ಮ ಬಹಳ ಹೊತ್ತು ಯೋಚಿಸಿದಳು. ಸ್ನಾನ ಬಿಡುವುದು ತನ್ನಿಂದಾಗದು, ಸುಳ್ಳು ಬೇಕಾದರೆ ಹೇಳಿಯೇನು, ಅದರ ಪಾಪ ಮಾತ್ರ ನಿನ್ನ ತಲೆಗೆ ಎಂದಳು. ಇದ್ದ ಪಾಪದ ಜೊತೆ ಅದೂ ಇರಲಿ ಎಂದು ಬೊಮ್ಮರಸ ಒಪ್ಪಿದ.

ದ್ವಾದಶಿ ಬಂತು. ಏಕಾದಶಿಯೆಲ್ಲ ನಿಟ್ಟುಪವಾಸ ಮಾಡಿದ ಪಂಡಿತರು ಪಾರಣೆಯ ಊಟಕ್ಕೆ ಬೆಳಗ್ಗೆಯೇ ಬಂದು ಎಲೆಯ ಮುಂದೆ ಕೂತರು. ದೊರೆಯೂ ಬೊಮ್ಮರಸನೂ ಉಪಚಾರಕ್ಕೆಂದು ದೂರದಲ್ಲಿ ನಿಂತರು. ಅಗಸೆಸೊಪ್ಪಿನ ಪಲ್ಯದ ಪಾತ್ರೆ ಹಿಡಿದು ಶಿಂಗಮ್ಮ ಬಂದಳು. ಕೆದರಿದ ತಲೆ, ಕಣ್ಣಲ್ಲಿ ಪಿಸುರು, ಸೆರಗಿಗೆಲ್ಲ ಮಸಿ.

ಪಂಡಿತರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು. "ಸ್ನಾನವಾಯಿತೇನಮ್ಮ?"

"ಇಲ್ಲ," ಎಂದಳು ಶಿಂಗಮ್ಮ, ಬೆಲ್ಲ ಕದ್ದ ಮಕ್ಕಳು ಹೇಳುವ ಹಾಗೆ.

"ನೆನ್ನೆ?"

"ನೆನ್ನೆಯೂ ಇಲ್ಲ. ಮೈ ನನ್ನದಲ್ಲವೇ, ಪಂಡಿತರೇ? ಹಲ್ಲು ಬಂದಾಗಿನಿಂದ ನನಗೆ ಕೊಳೆ ಅಂಟಿದ್ದೇ ಇಲ್ಲ. ಸ್ನಾನ ಮಾಡಿದವರಿಗೂ ಸಂಜೆಗೆ ಬೆವರು ಬರುತ್ತದೆ. ಮತ್ತೆ ಅದರಿಂದ ಏನು ಬಂತು? ಬಲವಂತ ಮಾಡುವುದಾದರೆ ಹೇಳಿ, ತವರಿಗೆ ಗಾಡಿ ಕಟ್ಟಿಸುತ್ತೇನೆ."

ಹಸಿದ ಹೊಟ್ಟೆಗೆ ಈ ಮಾತುಗಳು ಎಲ್ಲೋ ಕೇಳಿದ್ದು ಅನ್ನಿಸಲಿಲ್ಲ. ಪಂಡಿತರು ಕೆಂಪಾದರು.

"ಮೈ ನಿನ್ನದೇ ತಾಯಿ, ಯಾರು ಇಲ್ಲವೆಂದರು? ನಿನ್ನ ಮನೆಯಲ್ಲಿ ವರ್ಷಗಟ್ಟಲೆ ಮೀಯದೆ ಇರು. ಅಡುಗೆಮನೆಗೆ ಯಾಕೆ ಕಾಲಿಟ್ಟೆ? ತಿನ್ನುವವನು ನಾನಲ್ಲವೇ?"

ಬೊಮ್ಮರಸ ಎರಡು ಹೆಜ್ಜೆ ಮುಂದೆ ಬಂದು ಕೈಮುಗಿದ.

"ಇದೇ ಮಾತು, ಪಂಡಿತರೇ. ಹೊನ್ನಜ್ಜಿ ನಿಮಗೆ ಹೇಳಬೇಕಾಗಿತ್ತು. ಪಾಪ, ನರಳುವುದರಲ್ಲೇ ಅವಳಿಗೆ ಬಾಯಿ ಒಣಗಿದೆ. ಅದಕ್ಕೇ ನಿಮ್ಮ ಬಾಯಿಂದ ಹೇಳಿಸಿದೆ."

ದೊರೆ ಮೀಸೆಯ ಮೇಲೆ ಕೈಯಿಟ್ಟು ಬೇರೆ ಕಡೆ ನೋಡಿದ.

ಶಿಂಗಮ್ಮ ನಸುಕಿನಲ್ಲೇ ಮಿಂದು ಅಡುಗೆ ಮುಗಿಸಿದ್ದಳು, ಕೊಳೆಯೆಲ್ಲ ಆಮೇಲೆ ಬಳಿದುಕೊಂಡದ್ದು. ಈಗ ಅದನ್ನು ಪಂಡಿತರಿಗೆ ಹೇಳಿ, ಹೋಗಿ ಇನ್ನೊಮ್ಮೆ ಮಿಂದು, ಮಡಿಯುಟ್ಟು, ಒಳಗೆ ಬೇರೆ ತೆಗೆದಿಟ್ಟಿದ್ದ ಅಡುಗೆ ತಂದಳು. ಅಷ್ಟು ಹೊತ್ತು ಪಂಡಿತರು ಖಾಲಿ ಎಲೆ ನೋಡುತ್ತ ಕೂತಿದ್ದರು. ಯೋಚನೆಗೆ ಅದಕ್ಕಿಂತ ಒಳ್ಳೆಯ ಸಮಯ ಅವರಿಗೆ ಸಿಕ್ಕಿರಲಿಲ್ಲ. ಊಟ ಮುಗಿಸಿ ಕೈತೊಳೆದವರೇ ತಾವಾಗಿ ಮದ್ದುಗಾರನನ್ನು ಕರೆಸಿ ತೋಳು ಚಾಚಿದರು. ಕೈಕೆಳಗಿನವರು ಅವರ ಹಿಂದೆ ಸಾಲು ನಿಂತರು.

ಆಮೇಲೆ ದೊರೆ ಕಟ್ಟಳೆ ಮಾಡಿದ: ಮೈ ಅವರವರದು, ವೈದ್ಯಶಾಲೆಯ ಹೊಸ್ತಿಲು ರೋಗಿಗಳದು. ಚುಚ್ಚಿಸಿಕೊಳ್ಳದೆ ಯಾರೂ ಅದನ್ನು ದಾಟುವಂತಿಲ್ಲ. ಮದ್ದು ಒಗ್ಗದ ಮೈಯವರು ಹೊರಗಿನ ಕೋಣೆಯಲ್ಲಿ ಔಷಧಿ ಅರೆಯಲಿ, ಸಂಬಳಕ್ಕೆ ಕುಂದಿಲ್ಲ.

ಬೊಮ್ಮರಸನಿಗೆ ಜರಿಯ ಶಾಲು ತರಿಸಿ ದೊರೆ ನಗುತ್ತ ಹೇಳಿದ: "ನಾಳೆಯಿಂದ ವೈದ್ಯಶಾಲೆಯ ಮೇಲ್ವಿಚಾರಣೆ ನಿನ್ನದು. ದಿನವೂ ಒಳಗೆ ಹೋಗಿ ಹೊನ್ನಜ್ಜಿಯನ್ನು ವಿಚಾರಿಸಿಕೊಂಡು ಬಾ."

ಬೊಮ್ಮರಸ ಎರಡು ಹೆಜ್ಜೆ ಹಿಂದೆ ಸರಿದ. "ಪ್ರಭು, ಮೈ ನನ್ನ..." ಎಂದವನು ಶಿಂಗಮ್ಮನ ಕೈಯ ಸೌಟು ನೋಡಿ ನುಂಗಿಕೊಂಡ. ಪಂಡಿತರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. "ಬನ್ನಿ ಬೊಮ್ಮರಸಯ್ಯ," ಎಂದರು ಬಹಳ ಪ್ರೀತಿಯಿಂದ, "ಇರುವೆ ಕಚ್ಚಿದಷ್ಟೆ."

ದೊರೆ ಶಾಲು ಹೊದಿಸಲು ಕೈಯೆತ್ತಿದ.

"ಹೊದಿಸಬೇಡಿ ಪ್ರಭು," ಎಂದ ಬೊಮ್ಮರಸ, ತೋಳು ಮುಂದೆ ಚಾಚಿ. "ಕಣ್ಣಿಗೆ ಕಟ್ಟಿಬಿಡಿ."