ಹಲ್ಲಿ ನುಡಿದ ಸತ್ಯ

ತನ್ನ ತಾರೆಗಳನ್ನು ಒಂದೊಂದಾಗಿ ಕಳೆದುಕೊಳ್ಳುತ್ತಿದ್ದ ಸಾಮ್ರಾಜ್ಯವೊಂದರ ಪಟ್ಟದ ವ್ಯೋಮನೌಕೆಯಲ್ಲಿ ಸೇನಾಪತಿಗಳ ಸಭೆ ಸೇರಿತ್ತು. ಛಾವಣಿಯಲ್ಲಿ ಒಂದು ಹಲ್ಲಿ, ಅದರ ಪಕ್ಕದಲ್ಲಿ ಒಂದು ಜೇಡ.

"ಗೆಲುವು ನಮ್ಮದೇ," ಎಂದರು ಮಹಾದಂಡನಾಯಕರು. ಹಲ್ಲಿ ಲೊಚಗುಟ್ಟಿತು.

"ಸತ್ಯ, ಸತ್ಯ! ಹಲ್ಲಿಯೇ ನುಡಿಯಿತು!" ಎಂದು ಸೇನಾಪತಿಗಳೆಲ್ಲ ಬೆರಳಿನಿಂದ ಮೇಜು ಕುಟ್ಟಿದರು.

ಜೇಡ ಕೇಳಿತು: "ಅಯ್ಯಾ, ನಿನಗೆ ಯುದ್ಧದ ವಿಷಯ ಗೊತ್ತೇ?"

"ನನಗೆ ಹಸಿವು ಗೊತ್ತು. ಹಸಿದಾಗ ಲೊಚಗುಟ್ಟುತ್ತೇನೆ. ಅದನ್ನೇ ಅವರು ಸತ್ಯ ಅಂದುಕೊಂಡರೆ ನಾನೇನು ಮಾಡಲಿ?"

ಅಷ್ಟರಲ್ಲಿ ಗಡಿಯಿಂದ ಬಂದಿದ್ದ ದಳನಾಯಕಿ ಮಾಚಲೆ ಎದ್ದು ನಿಂತಳು. "ಒಡೆಯರೇ, ಗಡಿ ಮುರಿದಿದೆ. ಶತ್ರು ನನ್ನ ಬೆನ್ನಿಗೇ ಬಂದಿದ್ದಾನೆ. ಜನರನ್ನಾದರೂ ಈಗಲೇ ಸಾಗಿಸಿ."

ಎಲ್ಲರೂ ಕತ್ತೆತ್ತಿ ಛಾವಣಿ ನೋಡಿದರು. ಹಲ್ಲಿ ಸುಮ್ಮನಿತ್ತು.

"ಸುಳ್ಳುಗಾತಿ!" ಎಂದು ಮಾಚಲೆಯನ್ನು ಸೆರೆಗೆ ತಳ್ಳಿದರು.

"ಈಗೇಕೆ ಲೊಚಗುಟ್ಟಲಿಲ್ಲ?" ಎಂದಿತು ಜೇಡ.

ಹಲ್ಲಿ ಬಾಯಲ್ಲಿದ್ದುದನ್ನು ನುಂಗಿತು. "ಬಾಯಿ ತುಂಬ ಪತಂಗವಿತ್ತು. ಕಿಟಕಿಯಾಚೆ ನಮ್ಮ ಹಡಗುಗಳು ಉರಿಯುತ್ತಿವೆ ನೋಡು, ಆ ಬೆಳಕಿಗೆ ಒಳಗಿನ ಹುಳುಗಳೆಲ್ಲ ಗಾಜಿಗೆ ಮುತ್ತಿವೆ. ಇವತ್ತು ನನಗೆ ಹಬ್ಬ."