ಮೀಸೆಗೆ ಬಂದ ಕೋಳಿಮರಿಗಳು

ಮರಿಗಳ ಮೇವಿನಿಂದ ಸೋಯಾ ಹಿಂಡಿ, ಮೀನುಪುಡಿ ತೆಗೆಸಿ ಬರೀ ಮುಸುಕಿನ ಜೋಳ ಹಾಕಿಸಿದವರು ಕೋಳಿಫಾರಂ ಧಣಿ ಪುಟ್ಟಮಾದೇಗೌಡರೇ. ಮರಿಗಳು ಬೋಳಾಗಿಯೇ ಉಳಿದಾಗ ಗದರಿದ್ದು ಮಾತ್ರ ಮೇವು ಹಾಕುವ ಹೊಂಬಾಳಮ್ಮನನ್ನು. "ಹುಣ್ಣಿಮೆಯೊಳಗೆ ಪುಕ್ಕ ಬರಬೇಕು. ಇಲ್ಲಾಂದ್ರೆ ಕೆಲಸ ಬಿಡು!"

ಗೌಡರಿಗೆ ಕನಸೆಂದರೆ ಬಲು ನಂಬಿಕೆ. ಯಾರ ಕನಸಾದರೂ ಸರಿ, ಕೂರಿಸಿ ಕೇಳುತ್ತಿದ್ದರು.

"ಮಧ್ಯಾಹ್ನ ಜೊಂಪು ಹತ್ತಿತ್ತು ಗೌಡ್ರೆ," ಎಂದಳು ಹೊಂಬಾಳಮ್ಮ ಮೆಲ್ಲಗೆ. "ಮರಿಗಳೆಲ್ಲ ಮೋಡದ ಹಂಗೆ ತೇಲ್ಕೊಂಡು ಬಂದ್ವು. ಜೋಳದಿಂದ ಹೊಟ್ಟೆ ತುಂಬುತ್ತೆ, ಪುಕ್ಕ ಹುಟ್ಟಲ್ಲ ಅಂದ್ವು. ನಿಮ್ಮ ಮೀಸೆ ಕೂದಲು ಒಂದೊಂದೇ ಕಿತ್ತು ಮೈಗೆ ಅಂಟಿಸ್ಕೊಂಡ್ವು."

ಗೌಡರ ಕೈ ತಾನಾಗಿಯೇ ಮೀಸೆಗೆ ಹೋಯಿತು. "ಎಲ್ಲಕ್ಕೂ ಸಾಕಾಯ್ತಾ?"

"ಎಲ್ಲಿ ಸಾಕು! ಮಿಕ್ಕವು ನಿಮ್ಮ ಹುಬ್ಬನ್ನೇ ನೋಡ್ತಿದ್ವು. ಅಷ್ಟರಲ್ಲಿ ಎಚ್ಚರ ಆಯ್ತು."

ಸಂಜೆಗೇ ಹಿಂಡಿ, ಮೀನುಪುಡಿಯ ಮೂಟೆಗಳು ಬಂದವು. ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಟವೆಲ್ ಸುತ್ತಿಕೊಂಡು, ಗೌಡರೇ ನಿಂತು ಇಳಿಸಿಕೊಂಡರು.