ಏರಿಯಲ್ಲಿ ಉಳಿದ ಸರಪಳಿ

“ಗುರುಗಳೇ, ತಪ್ಪನ್ನು ಮುಚ್ಚುವುದಕ್ಕೂ ತಪ್ಪನ್ನು ಸರಿಪಡಿಸುವುದಕ್ಕೂ ಅಂತರವೇನು? ಎರಡರಲ್ಲೂ ಕೊನೆಗೆ ತಪ್ಪು ಕಾಣದಂತೆ ಆಗುತ್ತದೆಯಲ್ಲ?”

ಹೀಗೆ ಕೇಳಿದವನು ಮುರಿಗೆಯ್ಯ. ಮಠದ ಹಳೆಯ ಓಲೆಗ್ರಂಥವೊಂದನ್ನು ಕಾಗದಕ್ಕೆ ಇಳಿಸುವ ಕೆಲಸವನ್ನು ಅವನಿಗೆ ಒಪ್ಪಿಸಿದ್ದರು. ಓಲೆಗಳು ಮುಟ್ಟಿದರೆ ಮುರಿಯುವಷ್ಟು ಒಣಗಿದ್ದವು. ಮೂರು ತಿಂಗಳು ಕುಳಿತು, ಒಂದು ಅಕ್ಷರವನ್ನೂ ಹೊಡೆದುಹಾಕದೆ ಬರೆದು, ಹಿಂದಿನ ದಿನವಷ್ಟೇ ಪ್ರತಿಯನ್ನು ಗುರುಗಳ ಮುಂದಿಟ್ಟಿದ್ದ. ಅದು ಅವರ ಮಣೆಯ ಮೇಲೆ ಹಾಗೆಯೇ ಇತ್ತು.

ಗುರುಗಳು ಪ್ರತಿಯ ಮೇಲೆ ಕೈಯಿಟ್ಟರು. ಆಮೇಲೆ ಈ ಕತೆ ಹೇಳಿದರು.

ಹಿಮ ಬೀಳುವ ಒಂದು ದೇಶ. ಅಲ್ಲಿನ ಹೊಳೆಗಳಲ್ಲಿ ಬೀವರ್ ಎಂಬ ಪ್ರಾಣಿ ಇದೆ. ನಮ್ಮ ನೀರುನಾಯಿಗಿಂತ ದಪ್ಪ, ಕುಲದಲ್ಲಿ ಇಲಿಗೆ ಬಂಧು. ಬಾಲ ಮಾತ್ರ ದೋಸೆ ಮಗುಚುವ ಸಟ್ಟುಗದಂತೆ ಚಪ್ಪಟೆ. ಅದು ಹಲ್ಲಿನಿಂದಲೇ ಮರ ಉರುಳಿಸುತ್ತದೆ. ಕೊಂಬೆ, ಕಲ್ಲು, ಕೆಸರು ಸೇರಿಸಿ ಹೊಳೆಗೆ ಅಡ್ಡಲಾಗಿ ಏರಿ ಕಟ್ಟುತ್ತದೆ. ಏರಿಯ ಹಿಂದೆ ಕೆರೆ ತುಂಬುತ್ತದೆ. ಕೆರೆಯ ನಡುವೆ ಅದರ ಮನೆ, ಮನೆಯ ಬಾಗಿಲು ನೀರಿನೊಳಗೆ. ಕೆರೆ ತುಂಬಿರುವಷ್ಟು ಕಾಲ ಆ ಬಾಗಿಲು ಯಾವ ತೋಳನಿಗೂ ಸಿಕ್ಕದು. ಕೆರೆ ಬರಿದಾದರೆ ಆ ಸಂಸಾರ ಚಳಿಗಾಲ ದಾಟದು.

ಆ ದೇಶದವರು ಬೀವರಿನ ತುಪ್ಪಳದ ತೊಗಲನ್ನು ಹೊದ್ದು ಚಳಿ ಕಳೆಯುತ್ತಾರೆ. ಪ್ರತಿ ಹೊಳೆಗೂ ಒಬ್ಬ ಬೇಟೆಗಾರ. ಒಬ್ಬನ ಹೊಳೆಗೆ ಇನ್ನೊಬ್ಬ ಇಳಿಯುವಂತಿಲ್ಲ.

ಅಲ್ಲಿಗೆ ದಕ್ಷಿಣದಿಂದ ಒಬ್ಬ ನೇಕಾರ ಹೋದ. ಬೇಟೆಗಾರನೊಬ್ಬನ ಮಗಳನ್ನು ಮದುವೆಯಾಗಿ ಮಾವನ ಮನೆಯಲ್ಲೇ ನಿಂತ. ಮನೆಯಳಿಯನ ಪಾಡು ಎಲ್ಲ ದೇಶದಲ್ಲೂ ಒಂದೇ. ತಟ್ಟೆಗೆ ಎರಡನೆಯ ಸಲ ಬಡಿಸುವಾಗ ಅತ್ತೆಯ ಕೈ ಕೊಂಚ ನಿಧಾನವಾಗುತ್ತಿತ್ತು. ಊರಿನಲ್ಲಿ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಅವನು ಅಳಿಯಂದಿರು.

ಒಂದು ವರ್ಷ ಹೊಳೆಯೊಂದು ಬೇಟೆಗಾರನಿಲ್ಲದೆ ತೆರವಾಯಿತು. ಅದನ್ನು ತನಗೆ ಕೊಡಬೇಕೆಂದು ನೇಕಾರ ಹಿರಿಯರನ್ನು ಕೇಳಿದ. ಅಲ್ಲೊಂದು ಪದ್ಧತಿ ಇತ್ತು. ಹೊಸಬ ಕೇಳಿದ ಹೊಳೆಯಲ್ಲೇ ಒಂದು ಪ್ರಾಣಿಯನ್ನು ಹಿಡಿದು, ಸುಲಿದು, ಹದಮಾಡಿದ ಮೊದಲ ತೊಗಲನ್ನು ಊರಿನ ಚಾವಡಿಗೆ ತರಬೇಕು. ಹಿರಿಯರು ಅದನ್ನು ಬಾಗಿಲಿನ ಬಿಸಿಲಿಗೆ ಅಡ್ಡ ಹಿಡಿದು ತುಪ್ಪಳವನ್ನು ಸರಿಸಿ ನೋಡುತ್ತಾರೆ. ಸೂಜಿಮೊನೆಯಷ್ಟು ಬೆಳಕು ತೂರಿಬಂದರೂ ಮುಂದಿನ ವರ್ಷ ಬಾ ಎನ್ನುತ್ತಾರೆ. ಬೆಳಕು ತೂರದಿದ್ದರೆ ತೊಗಲನ್ನು ಚಾವಡಿಯ ಗೋಡೆಗೆ ತೂಗುಹಾಕಿ ಹೊಳೆಯನ್ನು ಅವನಿಗೆ ಬಿಡುತ್ತಾರೆ. ಊರಿನ ಬೇಟೆಗಾರರೆಲ್ಲರ ಮೊದಲ ತೊಗಲುಗಳೂ ಆ ಗೋಡೆಯ ಮೇಲೆ ಇದ್ದವು.

ಹೊಳೆ ಸಿಕ್ಕರೆ ಬೇರೆ ಮನೆ ಹೂಡಬಹುದು. ಅವನ ಹೆಂಡತಿ ಆಗಲೇ ಹೊಸ ಒಲೆಗೆಂದು ಒಂದು ಮಡಕೆಯನ್ನು ತೆಗೆದಿರಿಸಿದ್ದಳು.

ಮಾವ ಕೆಲಸ ಕಲಿಸಿದ. ಬೀವರಿಗೆ ನೀರು ಸೋರುವ ಸದ್ದು ಸಹಿಸದು, ಏರಿಯಲ್ಲಿ ಒಂದು ಗೇಣಿನ ಕಂಡಿ ಮಾಡಿದರೆ ಉಣ್ಣುವುದನ್ನು ಬಿಟ್ಟು ಮುಚ್ಚಲು ಬರುತ್ತದೆ, ಕಂಡಿಯ ಬುಡದಲ್ಲಿ ನೀರಿನೊಳಗೆ, ಕಾಲಿಟ್ಟರೆ ಕಚ್ಚಿ ಹಿಡಿಯುವ ಕಬ್ಬಿಣದ ಬೋನನ್ನು ಇಟ್ಟು ಸರಪಳಿಯಿಂದ ಗೂಟಕ್ಕೆ ಬಿಗಿಯಬೇಕು ಎಂದ. ಒಂದು ಏರಿಯಿಂದ ಒಂದೇ ಪ್ರಾಣಿ ಎಂದ. ಕೊನೆಗೆ, ಪ್ರಾಣಿ ಸಿಕ್ಕಿದೊಡನೆ ಬೋನನ್ನು ತೆಗೆದು ಕಂಡಿಯನ್ನು ನಿಮ್ಮ ಕೈಯಾರೆ ಮುಚ್ಚಿಯೇ ಮನೆಗೆ ಬನ್ನಿ ಎಂದ. ಇದನ್ನು ಮಾತ್ರ ಎರಡು ಸಲ ಹೇಳಿದ.

ನೇಕಾರ ಮೊದಲ ಸಲ ಏರಿಯ ಮೇಲೆ ನಿಂತಾಗ ಬಂದ ಕೆಲಸವನ್ನೇ ಮರೆತ. ಕೊಂಬೆಗಳು ರಾಶಿ ಬಿದ್ದಿರಲಿಲ್ಲ, ಹಾಸು ಹೊಕ್ಕಾಗಿ ಹೆಣೆದುಕೊಂಡಿದ್ದವು. ಇಪ್ಪತ್ತು ವರ್ಷ ಮಗ್ಗದಲ್ಲಿ ಕುಳಿತವನಿಗೆ ಅದು ನೇಯ್ಗೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವನ ನೇಯ್ಗೆ ನೀರನ್ನು ಸೋಸುತ್ತಿತ್ತು. ಇದು ನೀರನ್ನು ನಿಲ್ಲಿಸಿತ್ತು. ಅವನು ಅರಿಯದೆ ಕೆರವನ್ನು ಕಳಚಿ ಪಕ್ಕಕ್ಕಿಟ್ಟ. ಆಮೇಲೆ ಆ ಏರಿಯಲ್ಲೇ ಕಂಡಿ ತೋಡಿದ.

ಬೆಳಗ್ಗೆ ಹೋದಾಗ ಪ್ರಾಣಿ ಸಿಕ್ಕಿತ್ತು, ಸತ್ತಿತ್ತು. ಅದರ ಮುಂಗೈಯಲ್ಲಿ ಇನ್ನೂ ಒಂದು ಹಿಡಿ ಕೆಸರು ಇತ್ತು. ನೇಕಾರ ಅದನ್ನು ಎತ್ತಿ ತುಪ್ಪಳಕ್ಕೆ ಬಾಯಿಂದ ಗಾಳಿ ಊದಿದ. ಉದ್ದ ಕೂದಲು ಬಿರಿದು ಒಳಗೆ ಬೂದುಬಣ್ಣದ ಇನ್ನೊಂದು ತುಪ್ಪಳ ಕಂಡಿತು. ಎಷ್ಟು ಊದಿದರೂ ಚರ್ಮ ಕಾಣಲಿಲ್ಲ. ಬೆರಳಿಳಿಸಿ ನೋಡಿದ. ರಾತ್ರಿಯೆಲ್ಲ ನೀರಿನಲ್ಲಿ ಬಿದ್ದಿದ್ದ ಪ್ರಾಣಿಯ ಕೂದಲ ಬುಡ ಒಣಗಿಯೇ ಇತ್ತು. ಯಾವ ಮಗ್ಗದಲ್ಲೂ ಇಂಥ ಬಟ್ಟೆ ಇಳಿದಿಲ್ಲ ಎಂದುಕೊಂಡ. ಅದು ತನ್ನದಾಯಿತೆಂಬ ಸಂತೋಷದಲ್ಲಿ, ಮೈ ಹೆಪ್ಪುಗಟ್ಟುವ ಮೊದಲು ಸುಲಿಯಬೇಕೆಂಬ ಅವಸರದಲ್ಲಿ, ಹೆಗಲಿಗೇರಿಸಿಕೊಂಡು ಮನೆಗೆ ಬಂದ. ಬೋನು ಅಲ್ಲೇ ಉಳಿಯಿತು. ಕಂಡಿ ತೆರೆದೇ ಇತ್ತು.

ಮಾವ ಬಾಗಿಲಲ್ಲೇ ಕೇಳಿದ, ಕಂಡಿ ಮುಚ್ಚಿದಿರಾ ಎಂದು. ಆಗ ಅವನಿಗೆ ನೆನಪಾಯಿತು. ಆದರೆ ಹೂಂ ಎನ್ನುವುದು ಸುಲಭವಾಗಿತ್ತು. ಹೂಂ ಎಂದ. ನಾಳೆ ಹೋಗಿ ಮುಚ್ಚಿದರಾಯಿತು ಎಂದುಕೊಂಡ. ಮರುದಿನ ಹಿಮ ಸುರಿಯಿತು. ನಾಲ್ಕು ದಿನ ಊರು ದಾಟಿ ಹೋಗುವಂತಿರಲಿಲ್ಲ.

ಆಗ ಅವನು ತೊಗಲನ್ನು ಹೆರೆಯಲು ಕುಳಿತ. ಬೀವರಿನ ಕೊಬ್ಬು ಚರ್ಮಕ್ಕೆ ಹಲಸಿನ ಮೇಣದಂತೆ ಅಂಟಿರುತ್ತದೆ. ಉಳಿಸಿದರೆ ತೊಗಲು ಕೊಳೆಯುತ್ತದೆ, ಒತ್ತಿದರೆ ಹರಿಯುತ್ತದೆ. ತೊಗಲನ್ನು ದುಂಡು ದಿಮ್ಮಿಯ ಮೇಲೆ ಹಾಸಿ, ಎರಡು ಹಿಡಿಯ ಮೊಂಡು ಕತ್ತಿಯಿಂದ ಮೇಲಿನಿಂದ ಕೆಳಗೆ ತಳ್ಳಬೇಕು. ಮಾವ ಒಂದು ಗಂಟೆಯಲ್ಲಿ ಮುಗಿಸುತ್ತಿದ್ದ ಕೆಲಸ ಅಳಿಯನಿಗೆ ಎರಡು ದಿನ ಹಿಡಿಯಿತು. ಮಾವ ಒಲೆಯ ಮುಂದೆ ಕುಳಿತು ನೋಡುತ್ತಿದ್ದ.

“ಮೆಲ್ಲಗೆ, ಅಳಿಯಂದಿರೇ. ಇದು ಮಗ್ಗವಲ್ಲ, ಎಳೆ ತುಂಡಾದರೆ ಗಂಟು ಹಾಕಿಕೊಳ್ಳುವುದಕ್ಕೆ.”

ಅತ್ತೆ ನಕ್ಕಳು. ಹೆಂಡತಿ ತಲೆ ತಗ್ಗಿಸಿದಳು. ಅವನಿಗೆ ಕಿವಿ ಬಿಸಿಯಾಯಿತು.

ಎರಡನೆಯ ದಿನ ಮಧ್ಯಾಹ್ನ, ಮುಂಗಾಲಿನ ಸಂದಿಯಲ್ಲಿ, ಚರ್ಮ ತೆಳುವಾಗಿರುವ ಜಾಗದಲ್ಲಿ, ಕತ್ತಿ ಜಾರಿತು. ಮೆಣಸಿನ ಕಾಳಿನಷ್ಟು ತೂತು. ಮಾವ ಸೌದೆಗೆಂದು ಅಂಗಳಕ್ಕೆ ಹೋಗಿದ್ದ, ಹೆಂಗಸರು ಒಳಗಿದ್ದರು. ಬೇರೆ ಯಾರಾದರೂ ಹೊಸಬನಾಗಿದ್ದರೆ ಅಲ್ಲಿಗೆ ಕೈಚೆಲ್ಲುತ್ತಿದ್ದ. ಇವನು ನೇಕಾರ. ಹರಿದದ್ದನ್ನು ರಫು ಮಾಡುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ನರದ ಸಣ್ಣ ಎಳೆಯನ್ನು ಸೂಜಿಗೆ ಪೋಣಿಸಿದ. ಚರ್ಮದ ಕಡೆಯಿಂದ ಏಳು ಹೊಲಿಗೆ ಹಾಕಿದ. ಮೇಲೆ ಅದೇ ಪ್ರಾಣಿಯ ಕೊಬ್ಬನ್ನು ಸವರಿದ. ತೊಗಲನ್ನು ಬಾಗಿಸಿದ ಕೋಲಿನ ಬಳೆಗೆ ದುಂಡಗೆ ಬಿಗಿದು ನೆರಳಿನಲ್ಲಿ ಒಣಗಲು ಇಟ್ಟ. ಒಣಗಿದ ಮೇಲೆ ಹೊಲಿದ ಜಾಗ ಎಲ್ಲೆಂದು ಅವನಿಗೇ ಹುಡುಕಬೇಕಾಯಿತು.

“ಯಾರಿಗೂ ತಿಳಿಯಲಿಲ್ಲವೇ?” ಎಂದು ಮುರಿಗೆಯ್ಯ ಕೇಳಿದ.

“ತಿಳಿಯಲಿಲ್ಲ,” ಎಂದು ಗುರುಗಳು ಕತೆ ಮುಂದುವರಿಸಿದರು.

ಆರನೆಯ ದಿನ ಹಿಮ ನಿಂತು ಬಿಸಿಲು ಬಂತು. ಹಿರಿಯರು ತೊಗಲನ್ನು ಚಾವಡಿಯ ಬಾಗಿಲಿಗೆ ಹಿಡಿದರು. ತಿರುಗಿಸಿ ಹಿಡಿದರು. ಬೆಳಕು ತೂರಲಿಲ್ಲ. ಹೊಸಬನ ಕೈ ಇಷ್ಟು ಶುದ್ಧವಾಗಿರುವುದನ್ನು ತಾವು ಕಂಡಿಲ್ಲ ಎಂದರು. ಎಲ್ಲರೂ ತೊಗಲನ್ನು ನೋಡುತ್ತಿದ್ದರು. ಮಾವ ಮಾತ್ರ ಗೋಡೆಗೆ ಬೆನ್ನು ತಿರುಗಿಸಿ ಕುಳಿತಿದ್ದ. ತೊಗಲು ಗೋಡೆಗೇರಿತು. ಹೊಳೆ ಅವನದಾಯಿತು. ಮನೆಯಲ್ಲಿ ಅತ್ತೆ ಕೇಳದೆಯೇ ಎರಡನೆಯ ಸಲ ಬಡಿಸಿದಳು.

ಊಟದ ನಡುವೆ ಅವನಿಗೆ ಕಂಡಿ ನೆನಪಾಯಿತು. ಆರು ದಿನ ಕೆರೆ ಸೋರಿದೆ. ನೀರಿನೊಳಗಿನ ಆ ಬಾಗಿಲು ಬಯಲಾಗಿರುತ್ತದೆ. ಬೀವರಿನ ಮನೆಯೊಳಗೆ ಸತ್ತದ್ದರ ಜೊತೆಯದು ಇದ್ದಿತು, ಮರಿಗಳಿದ್ದವು. ಕೈತೊಳೆದು, ಯಾರಿಗೂ ಹೇಳದೆ, ಹಿಮದಲ್ಲಿ ಮೊಣಕಾಲುದ್ದ ಹೂತುಕೊಳ್ಳುತ್ತ ಹೋದ.

ಕೆರೆ ತುಂಬಿತ್ತು.

ದಡದಿಂದ ದಡಕ್ಕೆ, ತಾನು ಮೊದಲು ಕಂಡ ಮಟ್ಟಕ್ಕೆ, ಒಂದು ಬೆರಳೂ ಕಡಿಮೆಯಿಲ್ಲದೆ ತುಂಬಿತ್ತು. ಅವನು ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದ. ಕಂಡಿ ಕಾಣಲಿಲ್ಲ. ಕಿವಿಗೊಟ್ಟು ಕೇಳಿದ. ಹನಿ ಸೋರುವ ಸದ್ದೂ ಇರಲಿಲ್ಲ. ಮರಳಿ ನಡೆದು ಬರುವಾಗ ಕಾಲಿಗೆ ಏನೋ ತಗುಲಿತು. ಸರಪಳಿ. ಗೂಟದಿಂದ ಹೊರಟ ಸರಪಳಿ ಏರಿಯೊಳಗೆ ಹೋಗಿತ್ತು.

ಎಳೆದ. ಬರಲಿಲ್ಲ. ಮೊಣಕಾಲೂರಿ ಹಿಮ ಗೋರಿ ನೋಡಿದ. ಉಳಿದ ಪ್ರಾಣಿ ಒಂಟಿಯಾಗಿ ಬಂದಿತ್ತು. ತನ್ನ ಜೊತೆಯನ್ನು ಕೊಂದ ಬೋನನ್ನು ದಾಟಿ ಹೋಗಿರಲಿಲ್ಲ, ಹೆದರಿ ಬಿಟ್ಟಿರಲಿಲ್ಲ. ಆ ಕಬ್ಬಿಣವನ್ನೇ ಒಂದು ಕಲ್ಲೆಂದು ಬಗೆದು ಕಂಡಿಯ ನಡುವೆ ಕೂರಿಸಿ, ಅದರ ಸುತ್ತ ಕೊಂಬೆ ಹೆಣೆದು, ಕೆಸರು ಮೆತ್ತಿತ್ತು. ಹೆಪ್ಪುಗಟ್ಟಿದ ಕೆಸರಿನ ಮೇಲೆ ಪುಟ್ಟ ಕೈಗಳ ಅಚ್ಚು ಮೂಡಿತ್ತು, ಐದು ಬೆರಳೂ ಎಣಿಸುವಂತೆ. ಸರಪಳಿ ಮಾತ್ರ ಹೊರಗೆ ತೂಗುತ್ತಿತ್ತು, ಯಾರು ಬೇಕಾದರೂ ಕಾಣುವಂತೆ.

ನೇಕಾರ ಆ ಅಚ್ಚಿನ ಪಕ್ಕದಲ್ಲಿ ತನ್ನ ಅಂಗೈಯನ್ನು ಊರಿದ. ಚಳಿಗೆ ಬೆರಳು ಮರಗಟ್ಟುವವರೆಗೂ ತೆಗೆಯಲಿಲ್ಲ. ದೇವರ ಮುಂದೆಯೂ ಅವನು ಅಷ್ಟು ಹೊತ್ತು ಬಾಗಿದವನಲ್ಲ.

ಮರುದಿನ ಚಾವಡಿಗೆ ಹೋಗಿ ತನ್ನ ತೊಗಲನ್ನು ಗೋಡೆಯಿಂದ ಇಳಿಸಲು ಕೇಳಿಕೊಂಡ. ಬಾಗಿಲಿನ ಬಿಸಿಲಿಗೆ ತಾನೇ ಹಿಡಿದ. ಸೂಜಿಯಿಂದ ಎಳೆಯನ್ನು ಕಿತ್ತು, ತುಪ್ಪಳವನ್ನು ಸರಿಸಿದ. ಮೆಣಸಿನ ಕಾಳಿನಷ್ಟು ಬೆಳಕು ನೆಲದ ಮೇಲೆ ಬಿತ್ತು. ಕಂಡಿ ಮುಚ್ಚದೆ ಬಂದದ್ದನ್ನೂ, ಉಳಿದ ಪ್ರಾಣಿ ಅದನ್ನು ಬೋನಿನ ಸಮೇತ ಮುಚ್ಚಿದ್ದನ್ನೂ ಹೇಳಿದ. ಮಾವನೂ ಅಲ್ಲಿದ್ದ.

ಹಿರಿಯರಲ್ಲಿ ಎಲ್ಲರಿಗಿಂತ ಹಿರಿಯವನು ಆ ಬೆಳಕನ್ನೇ ನೋಡುತ್ತ ಕೇಳಿದ:

“ನಮ್ಮ ಕಣ್ಣಿಗೇ ಬೀಳಲಿಲ್ಲ. ಸುಮ್ಮನಿದ್ದಿದ್ದರೆ ಹೊಳೆ ಉಳಿಯುತ್ತಿತ್ತು. ಏಕೆ ತಂದಿರಿ, ಅಳಿಯಂದಿರೇ?”

“ಅಲ್ಲಿ ಸರಪಳಿ ಹೊರಗೇ ಇದೆ, ಅಜ್ಜಾ. ಆದರೂ ಏರಿ ಸೋರುವುದಿಲ್ಲ,” ಎಂದ ನೇಕಾರ.

ಹಿರಿಯರು ಪದ್ಧತಿ ಮೀರಲಿಲ್ಲ. ಮುಂದಿನ ವರ್ಷ ಬಾ ಎಂದರು. ಆ ವರ್ಷ ಹೊಳೆ ಹಾಗೆಯೇ ಉಳಿಯಿತು. ಹೆಂಡತಿ ಮಡಕೆಯನ್ನು ಒರೆಸಿ ಅಟ್ಟಕ್ಕೆ ಏರಿಸಿದಳು. ಅದೇ ಅವನಿಗೆ ಎಲ್ಲಕ್ಕಿಂತ ಭಾರವಾಯಿತು.

ಚಾವಡಿಯಿಂದ ಮರಳುವ ದಾರಿಯಲ್ಲಿ ಮಾವ ಮುಂದೆ ನಡೆಯುತ್ತಿದ್ದ. ಮನೆ ಹತ್ತಿರವಾದಾಗ ನಿಂತ. ಹಂಗಿಸುತ್ತಾನೆಂದು ಅಳಿಯ ತಲೆ ಬಾಗಿಸಿ ಕಾದ.

“ನನ್ನ ಮೊದಲ ತೊಗಲು ಆ ಗೋಡೆಯ ಮೇಲೆ ಮೂವತ್ತು ವರ್ಷದಿಂದ ಇದೆ,” ಎಂದ ಮಾವ. “ಅಷ್ಟು ವರ್ಷದಿಂದಲೂ ನಾನು ಅಲ್ಲಿ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತೇನೆ.”

ಕತೆ ಅಲ್ಲಿಗೆ ನಿಂತಿತು.

ಗುರುಗಳು ಮಣೆಯ ಮೇಲಿನ ಪ್ರತಿಯನ್ನು ತೆರೆದು ಹನ್ನೆರಡನೆಯ ಓಲೆಯ ಪುಟಕ್ಕೆ ಬಂದರು. ಹಳೆಯ ಕಟ್ಟಿನಿಂದ ಹನ್ನೆರಡನೆಯ ಓಲೆಯನ್ನು ಎತ್ತಿ ಪಕ್ಕದಲ್ಲಿಟ್ಟರು. ಓಲೆಯ ಒಂದು ಮೂಲೆ ಮುರಿದು ಉದುರಿಹೋಗಿತ್ತು. ಮುರಿದ ಅಂಚು ಇನ್ನೂ ಹೊಸದಾಗಿ ಬೆಳ್ಳಗಿತ್ತು. ಉದುರಿದ ಮೂಲೆಯಲ್ಲಿ ಇರಬೇಕಾಗಿದ್ದ ಎರಡು ಸಾಲುಗಳು ಪ್ರತಿಯಲ್ಲಿ ಮಾತ್ರ ಪೂರ್ಣವಾಗಿ, ಪ್ರಾಸ ತಪ್ಪದೆ, ಮುತ್ತಿನಂಥ ಅಕ್ಷರದಲ್ಲಿ ಇದ್ದವು.

ಮುರಿಗೆಯ್ಯ ತಲೆ ಎತ್ತಲಿಲ್ಲ.

“ರಫು ಬಹಳ ಚೆನ್ನಾಗಿದೆ, ಮುರಿಗೆಯ್ಯ,” ಎಂದರು ಗುರುಗಳು. “ಎಳೆಯನ್ನು ಕೀಳುವವರು ಯಾರು, ನಾನೋ, ನೀನೋ?”